ಹೊರಗಿನ ನೂಲು

ನವೆಂಬರ್ ೯, ಭಾನುವಾರ

ಬಾಯಿ ನನ್ನದೇ, ಮಾತೂ ನನ್ನದೇ. ಇವತ್ತು ಎರಡೂ ಸೇರಿಕೊಂಡು ನನ್ನನ್ನು ಹರಾಜು ಹಾಕಿದವು.

ಮಧ್ಯಾಹ್ನ ಇವರ ತಂಗಿ ಗಂಡನ ಜೊತೆ ಊಟಕ್ಕೆ ಬಂದಿದ್ದಳು. ಊಟ ನೆಪ, ಉಂಡಿದ್ದಕ್ಕಿಂತ ಅತ್ತಿದ್ದೇ ಹೆಚ್ಚು. ನಾಲ್ಕು ವರ್ಷದ ಹಿಂದೆ ಬಸಿರಾಗಿದ್ದಾಗ ಅವಳಿಗೆ ಏಳನೇ ತಿಂಗಳಲ್ಲಿ ರಕ್ತ ನಿಲ್ಲಲಿಲ್ಲ. ಮಗು ಹೋಯಿತು, ಅವಳ ಜೀವ ಉಳಿಸಲು ಗರ್ಭಕೋಶವನ್ನೂ ತೆಗೆದರು. ಗಡ್ಡೆ ತೆಗೆದ ಹಳೆಯ ಆಪರೇಷನ್ನಿನ ಗಾಯದ ಮೇಲೆಯೇ, ಮಗುವಿಗೆ ರಕ್ತ ಒದಗಿಸುವ ಮಾಸು ಕೂತು, ಗೋಡೆ ಕೊರೆದುಕೊಂಡು ಹೋಗಿತ್ತಂತೆ. ಈಗ ಗಂಡ ಹೆಂಡಿರ ಆಸೆಯೆಲ್ಲ ಒಂದು ಲ್ಯಾಬಿನ ಫ್ರೀಜರಿನಲ್ಲಿದೆ: ಇಬ್ಬರದೂ ಸೇರಿ ಆದ ಭ್ರೂಣ, ಒಂದೇ ಒಂದು. ಅದನ್ನು ಹೊತ್ತು ಹೆತ್ತುಕೊಡಲು ಒಪ್ಪಿದ್ದ ಹೆಂಗಸು ಮೊನ್ನೆ ಹಿಂದೆ ಸರಿದಿದ್ದಾಳೆ.

ಇವರ ತಂಗಿ ಮೂಗು ಒರೆಸಿಕೊಂಡು, "ಹೊರಗಿನವರನ್ನ ನಂಬಿದ್ದೇ ತಪ್ಪು" ಅಂದಳು.

ಆ ಪದಕ್ಕೂ ನನಗೂ ಇಪ್ಪತ್ತೆರಡು ವರ್ಷದ ನಂಟು. ನಾನು ಸೊಸೆಯಾಗಿ ಬಂದ ಹೊಸದರಲ್ಲಿ, ಮಾವನ ಕಾಯಿಲೆಯ ಮಾತು ನಡೆದಿತ್ತು. ಆಗಿನ್ನೂ ಹದಿನೈದರ ಈ ಹುಡುಗಿ "ಹೊರಗಿನವರ ಎದುರಿಗೆ ಬೇಡ" ಎಂದು ಕೋಣೆಯ ಬಾಗಿಲು ಹಾಕಿಕೊಂಡಿದ್ದಳು. ನಾನು ಅದೇ ಮಾವನ ಔಷಧಿ ಕೈಯಲ್ಲಿ ಹಿಡಿದುಕೊಂಡು ಬಾಗಿಲಾಚೆ ನಿಂತಿದ್ದೆ. ಅಲ್ಲಿಂದ ನಮ್ಮದು ಎಣ್ಣೆ ಸೀಗೆಕಾಯಿ.

ಹಾಗಾಗಿ ಇವತ್ತು ಅಂದೆ: "ಹಾಗಾದ್ರೆ ನಾನೇ ಹೊರ್ತೀನಿ ಬಿಡಮ್ಮ. ಹೊರಗಿನವಳಾಗಿ ನನಗೆ ಇಪ್ಪತ್ತೆರಡು ವರ್ಷದ ಅನುಭವ ಇದೆ."

ಚುಚ್ಚಬೇಕೆಂದೇ ಆಡಿದ್ದು. ಸೂಜಿಯಿಂದ ಬದುಕುವವಳು ನಾನು, ಚುಚ್ಚುವುದು ಕಸುಬು. ಆದರೆ ಅವಳು ಅಳು ನಿಲ್ಲಿಸಿ, ನನ್ನನ್ನೇ ನೋಡಿ, "ನಿಜವಾಗ್ಲೂ ಅತ್ತಿಗೆ?" ಅಂದಳು. ಆ ಮುಖದ ಎದುರು ತಮಾಷೆಗೆ ಅಂದೆ ಎನ್ನುವಷ್ಟು ಕಟುಕತನ ನನ್ನಲ್ಲಿರಲಿಲ್ಲ. ಇದ್ದಿದ್ದರೆ ಚೆನ್ನಾಗಿತ್ತು.

ಮಗಳು ನನಗೆ ನಲವತ್ನಾಲ್ಕು ಎಂದು ಎಲ್ಲರಿಗೂ ನೆನಪಿಸಿದಳು. ಇವರು ನೀರಿನ ಲೋಟವನ್ನು ಪರೀಕ್ಷೆಗೆ ಬಂದ ಪಾಠದ ಹಾಗೆ ಓದುತ್ತಿದ್ದರು.

ನುಡಿ ಹಾರಿತು, ಗಡಿ ಮೀರಿತು. ಪ್ರಾಸವೇನೋ ಚೆನ್ನಾಗಿದೆ. ಪರಿಸ್ಥಿತಿ ಚೆನ್ನಾಗಿಲ್ಲ.

ನವೆಂಬರ್ ೨೪, ಸೋಮವಾರ

ವಯಸ್ಸಾಯಿತು ಹೋಗಮ್ಮ ಎಂದು ಓಡಿಸುತ್ತಾರೆ ಎಂಬ ದೊಡ್ಡ ಭರವಸೆ ಇಟ್ಟುಕೊಂಡು ಆಸ್ಪತ್ರೆಗೆ ಹೋದೆ. ಡಾಕ್ಟರಮ್ಮ ರಕ್ತ ನೋಡಿದರು, ಹೃದಯ ನೋಡಿದರು, ಒಳಗೆಲ್ಲ ನೋಡಿದರು. ಒಳಗಿನದು ಇನ್ನೂ ಗಟ್ಟಿಮುಟ್ಟಾಗಿದೆಯಂತೆ. ನಲವತ್ನಾಲ್ಕು ವರ್ಷದಲ್ಲಿ ನನ್ನ ಮೈಯ ಬಗ್ಗೆ ಕೇಳಿದ ಮೊದಲ ಹೊಗಳಿಕೆ. ಅದೂ ಕಣ್ಣಿಗೆ ಕಾಣದ ಭಾಗಕ್ಕೆ.

ಆಮೇಲೆ ಅಪಾಯದ ಪಾಠ. ನನ್ನ ಮಗಳು ಹೊಟ್ಟೆಯಲ್ಲಿದ್ದಾಗ ಅವಳಲ್ಲಿ ಅರ್ಧ ನಾನೇ ಇದ್ದೆ. ಈ ಸಲ ಬರುವವರಲ್ಲಿ ನನ್ನದು ಎಳ್ಳಷ್ಟೂ ಇಲ್ಲ, ಪೂರ್ತಿ ಪರಕೀಯ. ಇಂಥ ಬಸಿರಿನಲ್ಲಿ ಬಿ.ಪಿ. ಏರುವ ಸಂಭವ ಹೆಚ್ಚು, ನನ್ನ ವಯಸ್ಸಿಗೆ ಇನ್ನೂ ಹೆಚ್ಚು.

ನಾನು ನನ್ನ ಕಸುಬಿನ ಮಾತು ಹೇಳಿದೆ. ಡ್ರೈಕ್ಲೀನಿಂಗ್ ಅಂಗಡಿಯ ಹಿಂಕೋಣೆಯಲ್ಲಿ ರಫೂ ಮಾಡುವವಳು ನಾನು. ಸಿಗರೇಟು ಸುಟ್ಟ ಕೋಟು, ಇಲಿ ಕಡಿದ ಶಾಲು ನನ್ನ ಮೇಜಿಗೆ ಬಂದರೆ, ಅದೇ ಬಟ್ಟೆಯ ಒಳಮಡಿಕೆಯಿಂದ ಎಳೆ ಬಿಡಿಸಿ ತೂತಿನಲ್ಲಿ ನೇಯುತ್ತೇನೆ. ಹೊರಗಿನ ನೂಲು ತರುವ ಹಾಗಿಲ್ಲ. ಬಣ್ಣ ಕೂಡಿದರೂ ಹದ ಕೂಡುವುದಿಲ್ಲ. ಒಂದು ಒಗೆತಕ್ಕೆ ಕುಗ್ಗಿ, ಸುತ್ತಲ ನೇಯ್ಗೆಯನ್ನೂ ಎಳೆದು ಹಾಳು ಮಾಡುತ್ತದೆ. ಇಷ್ಟು ಹೇಳಿದರೆ ಡಾಕ್ಟರಮ್ಮ ಹೆದರಿ ನನ್ನನ್ನು ಬಿಡುತ್ತಾರೆ ಎಂದುಕೊಂಡೆ.

ಅವರು ಖುಷಿಯಾದರು. "ಮಾಸನ್ನ ತಾಯಿ ಮಾಡ್ತಾಳೆ ಅಂದ್ಕೊಂಡಿದೀರಾ? ಅದನ್ನ ಮಾಡೋದು ಮಗು. ಅದರ ಜೀವಕೋಶಗಳು ಬಂದು ನಿಮ್ಮ ಗೋಡೆಯೊಳಗೆ ತಾವೇ ನೇಯ್ಕೊಂಡು ಇಳೀತವೆ."

ಬಾಡಿಗೆದಾರನೇ ಬಂದು ಗೋಡೆ ಒಡೆದು ಅಡುಗೆಮನೆ ಕಟ್ಟಿಕೊಳ್ಳುವುದು ಎಂದಾಯಿತು. ಮಾಲೀಕಳು ನೋಡುತ್ತಾ ಇರಬೇಕು.

ಇವರ ತಂಗಿ ಪಕ್ಕದಲ್ಲಿ ಕೂತು ಉಗುರು ಕಚ್ಚುತ್ತಿದ್ದಳು. ಹೊರಗೆ ಬಂದ ಮೇಲೆ, "ಬೇಡ ಅನ್ನಿಸಿದ್ರೆ ಈಗ್ಲೇ ಹೇಳಿ ಅತ್ತಿಗೆ" ಅಂದಳು. ಬೇಡ ಎಂದು ಅವಳೇ ಹೇಳಿಕೊಟ್ಟ ಮೇಲೆ ನಾನು ಹೇಗೆ ಹೇಳುವುದು? ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಬೇಕು. ನಮ್ಮ ಸಂಬಂಧದ ಕಟ್ಟುಪಾಡು ಅದು. ಮಾಡುತ್ತೇನೆ ಎಂದೆ.

ಫೆಬ್ರವರಿ ೩, ಮಂಗಳವಾರ

ಎರಡು ತಿಂಗಳು ಮಾತ್ರೆ, ಇಂಜೆಕ್ಷನ್ನು. ಇವತ್ತು ಕೆಲಸ ನಡೆಯಿತು. ಒಂದು ಕೊಳವೆ, ಒಂದು ಪರದೆ, ಪರದೆಯ ಮೇಲೆ ಒಂದು ಬಿಳಿ ಚುಕ್ಕಿ. ಇವರ ತಂಗಿ ಆ ಚುಕ್ಕಿಯನ್ನು ನೋಡಿದ್ದನ್ನು ನಾನು ನೋಡಿದೆ. ನನ್ನ ಮಗಳು ಓಟದಲ್ಲಿ ಕೊನೆಯವಳಾಗಿ ಬರುತ್ತಿದ್ದಾಗಲೂ ಯಾರೋ ಹಾಗೆ ನೋಡಿದ್ದು ನೆನಪಿದೆ. ಆ ಯಾರೋ ನಾನೇ ಇರಬೇಕು.

ಫೆಬ್ರವರಿ ೧೭, ಮಂಗಳವಾರ

ಬಸಿರು ನಿಂತಿತು.

ಚುಕ್ಕಿ ಸೇರಿತು, ಸೊಕ್ಕು ಏರಿತು. ಸೊಕ್ಕು ನನ್ನದು.

ಮಾರ್ಚ್ ೮, ಭಾನುವಾರ

ಇವರ ತಂಗಿ ಹೋದ ವಾರ ಒಂದು ಟಾನಿಕ್ ಕಳಿಸಿದ್ದಳು. ಸೀಸೆಯ ಮೇಲೆ ರೋಗನಿರೋಧಕ ಶಕ್ತಿ ಹೆಚ್ಚಿಸುತ್ತದೆ ಎಂದಿದೆ, ತೋಳು ಮಡಚಿದ ಪೈಲ್ವಾನನ ಚಿತ್ರ ಬೇರೆ. ಜೊತೆಗೆ ಒಂದು ಬುಟ್ಟಿ ಹಣ್ಣು.

ನಾನು ಕೂತು ಯೋಚಿಸಿದೆ. ರೋಗನಿರೋಧಕ ಎಂದರೆ ಮೈಯ ಕಾವಲು. ಕಾವಲಿನ ಕೆಲಸ ಪರಕೀಯರನ್ನು ಓಡಿಸುವುದು. ಒಳಗೆ ಕೂತಿರುವುದು ಪೂರ್ತಿ ಪರಕೀಯ. ಹಾಗಿದ್ದ ಮೇಲೆ ಪೈಲ್ವಾನನನ್ನು ಒಳಗೆ ಬಿಡುವುದು ಎಂಥ ಬುದ್ಧಿ? ಒಳಮಡಿಕೆಯೇ ಇಲ್ಲದ ಬಟ್ಟೆ ಬಂದು, ಗತಿಯಿಲ್ಲದೆ ಹೊರಗಿನ ನೂಲು ಸೇರಿಸಬೇಕಾದಾಗ ನಾವು ಮೊದಲು ಆವಿ ಹಿಡಿದು ಸುತ್ತಲ ನೇಯ್ಗೆಯನ್ನು ಸಡಿಲ ಮಾಡುತ್ತೇವೆ. ಸಡಿಲವಾದರೆ ಹೊಸ ಎಳೆ ಕೂತೀತು. ಹಾಗೆಯೇ ಮೈಯನ್ನೂ ಸಡಿಲ ಮಾಡಬೇಕು.

ಆದ್ದರಿಂದ ಟಾನಿಕ್ ಕಿಟಕಿಯ ಗಿಡಕ್ಕೆ, ಹಣ್ಣು ಮಗಳಿಗೆ, ನನಗೆ ಅರ್ಧ ಊಟ. ಕಾವಲಿನವರು ಉಪವಾಸ ಬಿದ್ದು ಮಂಕಾಗಲಿ. ಯಾರಿಗೂ ಹೇಳಿಲ್ಲ. ಹೇಳಿದರೆ ಇವರ ತಂಗಿ ಎಂದಿನಂತೆ ಅಡ್ಡ ಬರುತ್ತಾಳೆ.

ಗಿಡ ಮಾತ್ರ ಎರಡು ಹೊಸ ಎಲೆ ಬಿಟ್ಟಿದೆ.

ಮಾರ್ಚ್ ೨೩, ಸೋಮವಾರ

ಅಂಗಡಿಯಲ್ಲಿ ಯಾರದೋ ಮದುಮಗನ ಕೋಟಿನ ಮೇಲೆ ತಲೆಯಿಟ್ಟು ಬಿದ್ದೆ. ಕೋಟಿಗೆ ಏನೂ ಆಗಲಿಲ್ಲ, ಸೂಜಿ ಕೈಯಲ್ಲೇ ಇತ್ತು. ಎಚ್ಚರವಾದಾಗ ಆಸ್ಪತ್ರೆಯ ಮಂಚ. ಎದುರಿಗೆ ಇವರ ತಂಗಿ, ಒಂದು ಕಾಲಿಗೆ ಕಪ್ಪು ಚಪ್ಪಲಿ, ಇನ್ನೊಂದಕ್ಕೆ ಕಂದು. ಮುಖ ಸುಣ್ಣ ಬಳಿದ ಗೋಡೆ.

ಮಗು ಇದೆಯಂತೆ, ಹೃದಯ ಬಡಿಯುತ್ತಿದೆಯಂತೆ. ಡಾಕ್ಟರಮ್ಮ ಏನು ತಿನ್ನುತ್ತಿದ್ದೀರಿ ಎಂದು ಕೆದಕಿ ಕೆದಕಿ ಕೇಳಿದರು. ಉಪಾಯವೆಲ್ಲ ಹೇಳಿದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಅಷ್ಟು ನಿಧಾನವಾಗಿ ಕನ್ನಡಕ ತೆಗೆಯುವವರು ಬೈಯುತ್ತಾರೆ ಎಂದು ನನಗೆ ಗೊತ್ತಿರಬೇಕಿತ್ತು.

ಬೈಗುಳ ಬಿಟ್ಟು ಉಳಿದದ್ದನ್ನು ಬರೆದಿಡುತ್ತೇನೆ. ಬಸಿರಾದಾಗ ಗರ್ಭಕೋಶದಲ್ಲಿ ಬಂದು ನೆರೆಯುವ ಕಾವಲಿನ ಜೀವಕೋಶಗಳು ಕೊಲ್ಲಲು ನಿಂತವಲ್ಲವಂತೆ. ಮಾಸಿನ ಜೀವಕೋಶ ಒಳಗಿಳಿಯುವಾಗ ಒಂದು ಗುರುತು ತೋರಿಸುತ್ತದೆ. ಆ ಗುರುತಿನಲ್ಲಿ ಯಾರ ಮಗು, ಯಾವ ಮನೆ ಎಂಬ ವಿಳಾಸ ಇರುವುದಿಲ್ಲ. ನಾನು ಮಾಸು ಎಂದಷ್ಟೇ ಇರುತ್ತದೆ. ಕಾವಲು ಅದನ್ನು ನೋಡಿ ಬಿಟ್ಟುಬಿಡುವುದಷ್ಟೇ ಅಲ್ಲ, ಕೆಲಸಕ್ಕೂ ಇಳಿಯುತ್ತದೆ. ತಾಯಿಯ ಬಿಗಿಯಾದ ರಕ್ತನಾಳಗಳನ್ನು ಸಡಿಲಿಸಿ ಅಗಲ ಮಾಡಲು ಇಬ್ಬರೂ ಕೂಡಿ ದುಡಿಯಬೇಕು. ಆಗಲೇ ಮಗುವಿಗೆ ಬೇಕಾದಷ್ಟು ರಕ್ತ. ಕಾವಲಿನವರ ಕೈ ಸೋತರೆ ನಾಳ ತೆರೆಯದು, ಮಗು ಸೊರಗುತ್ತದೆ, ತಾಯಿಯ ಬಿ.ಪಿ. ನೆತ್ತಿಗೇರುತ್ತದೆ. ಹಾಗಂತ ಟಾನಿಕ್ಕಿನಿಂದ ಅವರ ಕೈ ಬಲವಾಗುವುದೂ ಇಲ್ಲ. ಆ ಪೈಲ್ವಾನ ಗಿಡಕ್ಕೇ ಇರಲಿ, ಊಟ ಮಾತ್ರ ಪೂರ್ತಿ ಮಾಡಿ ಎಂದರು.

ಇವರ ತಂಗಿ ಮೆಲ್ಲಗೆ ಕೇಳಿದಳು, "ನನ್ನ ಕಾವಲು ಏನ್ ಮಾಡ್ತಿತ್ತು ಡಾಕ್ಟ್ರೇ?"

"ನಿಮ್ಮ ಗಾಯದ ಜಾಗದಲ್ಲಿ ಕಾವಲು ನಿಲ್ಲೋಕೆ ಪದರವೇ ಇರ್ಲಿಲ್ಲ. ಬಾ ಅನ್ನೋರೂ ಅವರೇ, ಇಷ್ಟು ಸಾಕು ನಿಲ್ಲು ಅನ್ನೋರೂ ಅವರೇ. ಸಾಕು ಅನ್ನೋರಿಲ್ದೆ ಅದು ಕೊರ್ಕೊಂಡು ಹೋಯ್ತು. ಅದ್ರಲ್ಲಿ ನಿಮ್ಮ ತಪ್ಪು ಏನೂ ಇರ್ಲಿಲ್ಲ."

ಬಸ್ಸಿನಲ್ಲಿ ಅವಳು ಕಿಟಕಿ ಕಡೆ ತಿರುಗಿ ಕೂತಳು. ಎರಡು ನಿಲ್ದಾಣ ಕಳೆದ ಮೇಲೆ, ಆ ಸಲ ಬಸಿರಿನಲ್ಲಿ ತಾನು ಮೆಟ್ಟಿಲು ಹತ್ತಿದ್ದಕ್ಕೇ ಹಾಗಾಯಿತು ಎಂದು ನಾಲ್ಕು ವರ್ಷದಿಂದ ನಂಬಿಕೊಂಡಿದ್ದಾಗಿ ಹೇಳಿದಳು. ಯಾರಿಗೂ ಹೇಳಿರಲಿಲ್ಲವಂತೆ. ನನಗೆ ಹೇಳಿದ್ದು ಯಾಕೋ. ಪಕ್ಕದ ಸೀಟಿನಲ್ಲಿ ಸಿಕ್ಕವಳು ನಾನು, ಅಷ್ಟೇ.

ಇಳಿಯುವಾಗ ನಾದಿನಿಯ ಚಪ್ಪಲಿ ನೋಡಿ ನಗು ಬಂತು. ಅವಳೂ ನೋಡಿಕೊಂಡು ನಕ್ಕಳು.

ಏಪ್ರಿಲ್ ೧೪, ಮಂಗಳವಾರ

ದಿನಕ್ಕೊಂದು ಪುಟ್ಟ ಆಸ್ಪಿರಿನ್ ಮಾತ್ರೆ ಕೊಟ್ಟಿದ್ದಾರೆ, ನಾಳಗಳ ಸಹಾಯಕ್ಕೆ. ಪೂರ್ತಿ ಊಟ. ವಾಂತಿಯೂ ಪೂರ್ತಿ.

ತಿಂದದ್ದು ಬಂತು, ಬಂದದ್ದು ತಿಂದೆ. ಮಗಳು ಇದನ್ನು ಓದಿ, ಅಮ್ಮ ಪ್ರಾಸಕ್ಕೊಂದು ಮಿತಿ ಇರಲಿ ಎಂದಳು. ಇನ್ನು ಮೇಲೆ ಈ ಡೈರಿಯನ್ನು ಬಟ್ಟೆಯ ಕೆಳಗಿಡಬೇಕು.

ಜೂನ್ ೧೦, ಬುಧವಾರ

ಸ್ಕ್ಯಾನಿನಲ್ಲಿ ಇವತ್ತು ರಕ್ತ ಹರಿಯುವ ಸದ್ದು ಕೇಳಿಸಿದರು. ಎಡಗಡೆಯ ನಾಳದಲ್ಲಿ ದೊಡ್ಡ ಕಾಲುವೆಯ ಹಾಗೆ ಸಲೀಸು. ಬಲಗಡೆ ಮಾತ್ರ ಪ್ರತಿ ಬಡಿತಕ್ಕೂ ತಡೆದು, ತಡೆದು. ಡಾಕ್ಟರಮ್ಮ ಸದ್ದು ನಿಲ್ಲಿಸಿ, ಒಂದು ಕಡೆ ಬಾಗಿಲು ಪೂರ್ತಿ ತೆರೆದಿದೆ, ಇನ್ನೊಂದು ಕಡೆ ಇನ್ನೂ ಅರೆ ಬಿಗಿ ಎಂದರು. ಹೆದರಬೇಡಿ, ಆದರೆ ಮರೆಯಲೂ ಬೇಡಿ. ತಲೆನೋವು ಬಂದರೆ, ಕಣ್ಣು ಮಂಜಾದರೆ ಆ ಕ್ಷಣ ಬರಬೇಕು.

ಸಂಜೆ ನಾದಿನಿ ಒಂದು ಚೀಲ, ಒಂದು ಬಿ.ಪಿ. ನೋಡುವ ಯಂತ್ರ ಹಿಡಿದುಕೊಂಡು ಬಂದಳು. ಒಂದು ವಾರಕ್ಕೆ ಎಂದಳು. ಚೀಲದ ಗಾತ್ರ ಬೇರೆ ಹೇಳುತ್ತಿತ್ತು. ಅವಳ ಗಂಡ ಹೊರಗಿನ ಊಟ ತಿಂದುಕೊಂಡು ಮನೆ ಕಾಯುತ್ತಾನಂತೆ. ಪಾಪದ ಪ್ರಾಣಿ, ಮಾತಾಡಲು ತಿಂಗಳು ತೆಗೆದುಕೊಳ್ಳುತ್ತಾನೆ. ಅಷ್ಟರಲ್ಲಿ ವಿಷಯ ಮುಗಿದಿರುತ್ತದೆ.

ಅವಳು ಯಂತ್ರ ಕಟ್ಟುವಾಗ ಬಾಡಿಗೆದಾರ ಒಳಗಿಂದ ಒದ್ದ. ಅವಳ ಕೈ ಹಿಡಿದು ಆ ಜಾಗದಲ್ಲಿಟ್ಟೆ. ಯಂತ್ರ ಊದಿಕೊಂಡು, ಊದಿಕೊಂಡು, ತಾನೇ ಸೋತು ನಿಂತಿತು. ಇಬ್ಬರೂ ಅದರ ಕಡೆ ನೋಡಲೇ ಇಲ್ಲ.

ಜುಲೈ ೫, ಭಾನುವಾರ

ಒಂದು ವಾರ ಮುಗಿಯುತ್ತಲೇ ಇಲ್ಲ. ಕಿಟಕಿ ತೆರೆಯುವ ಬಗ್ಗೆ ಒಂದು ಜಗಳ, ಪಾತ್ರೆ ಬೋರಲು ಹಾಕುವ ಬಗ್ಗೆ ಒಂದು, ನಾನು ಬಗ್ಗಿ ಕಸ ಎತ್ತಿದ್ದಕ್ಕೆ ಒಂದು. ಇವರು ಎರಡೂ ಕಡೆಗೆ ತಲೆಯಾಡಿಸಿ ಆಫೀಸಿಗೆ ಬೇಗ ಹೋಗುತ್ತಾರೆ.

ನನ್ನ ಬೆರಳು ಸ್ವಲ್ಪ ಊದಿಕೊಂಡಿವೆ. ಸೂಜಿಗೆ ಎಳೆ ಪೋಣಿಸುವುದು ಕಷ್ಟ. ಹಾಗಾಗಿ ನಾದಿನಿ ಅಂಗಡಿಗೂ ಬರುತ್ತಾಳೆ. ಸಾಲಾಗಿ ಸೂಜಿ ಪೋಣಿಸಿ ದಿಂಬಿಗೆ ಚುಚ್ಚಿಡುತ್ತಾಳೆ. ಸುಮ್ಮನಿರಲಾರದೆ ಒಂದು ರಫೂ ಮಾಡಲು ಕೂತಳು. ಮೇಲೆ, ಕೆಳಗೆ, ಮೇಲೆ, ಕೆಳಗೆ ಎಂದು ಬಾಯಲ್ಲಿ ಹೇಳಿಕೊಂಡು ಒಂದಿಡೀ ಮಧ್ಯಾಹ್ನ. ಆದದ್ದು ಜೇಡನಿಗೆ ಹುಷಾರಿಲ್ಲದಾಗ ನೇಯ್ದ ಬಲೆ. ನಾನು ಹಾಗೆಂದೆ. ಅವಳು ಅದನ್ನು ಗಂಡನಿಗೆ ತೋರಿಸಲು ಮಡಚಿ ಇಟ್ಟುಕೊಂಡಳು.

ಊಟವಾದ ಮೇಲೆ ದಿನವೂ ಅವಳು ನನ್ನ ಹೊಟ್ಟೆಯ ಮುಂದೆ ನಿಂತು ಮಾತಾಡಲು ನೋಡುತ್ತಾಳೆ. ಬ್ಯಾಂಕಿನ ಕಿಟಕಿಯ ಮುಂದೆ ನಿಂತವರ ಹಾಗೆ, ಒಂದು ಗಜ ದೂರ. "ಹಲೋ, ನಾನು, ನಿನ್ನ..." ಅಷ್ಟಕ್ಕೇ ನಿಲ್ಲುತ್ತದೆ. ಇವತ್ತು ನನಗೆ ಕಾಲು ನೋಯುತ್ತಿತ್ತು, ಸಹನೆಯೂ ಮುಗಿದಿತ್ತು.

"ಅಮ್ಮ ಅನ್ನು. ಆ ಹುದ್ದೆಗೆ ಇಲ್ಲಿ ಬೇರೆ ಯಾರೂ ಅರ್ಜಿ ಹಾಕಿಲ್ಲ."

ಅವಳು ಅಂದಳು. ಆಮೇಲೆ ಅಡುಗೆಮನೆಗೆ ಹೋಗಿ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದಳು. ಅದೂ ಬೋರಲು ಹಾಕದೆ.

ಆಗಸ್ಟ್ ೧೩, ಗುರುವಾರ

ಬೆಳಗ್ಗೆ ಸೂಜಿಯ ಸುತ್ತ ಬೆಳಕಿನ ಎಳೆಗಳು ಕುಣಿದವು. ತಲೆಯೊಳಗೆ ಸುತ್ತಿಗೆಯ ಪೆಟ್ಟು. ನಾದಿನಿ ಯಂತ್ರ ಕಟ್ಟಿ, ಅಂಕಿ ನೋಡಿ, ಇನ್ನೊಮ್ಮೆ ಕಟ್ಟಲೂ ಇಲ್ಲ, ಸೀದಾ ಆಸ್ಪತ್ರೆ.

ಬಿ.ಪಿ. ಏರಿದೆ, ಮೂತ್ರದಲ್ಲಿ ಪ್ರೋಟೀನು ಇದೆ. ಬಲಗಡೆಯ ಬಾಗಿಲು ಕೊನೆಗೂ ಪೂರ್ತಿ ತೆರೆಯಲಿಲ್ಲ. ಮಾಸಿಗೆ ರಕ್ತ ಸಾಲದೆ ಅದು ಏನೇನೋ ಸಂದೇಶ ಕಳಿಸುತ್ತಿದೆ, ನನ್ನ ನಾಳಗಳೆಲ್ಲ ಅದನ್ನು ಕೇಳಿ ಬಿಗಿದುಕೊಂಡಿವೆ. ಇದಕ್ಕೆ ಮದ್ದು ಒಂದೇ, ಮಾಸು ಹೊರಗೆ ಬರುವುದು. ಅಂದರೆ ಮಗುವೂ ಬರುವುದು. ಅದಕ್ಕೆ ಇನ್ನೂ ತುಂಬ ಬೇಗ. ಮಾತ್ರೆ ಕೊಟ್ಟು ಇಲ್ಲೇ ಮಲಗಿಸಿದ್ದಾರೆ. ಕೋಣೆಗೆ ಒಂದು ಕಿಟಕಿ, ಕಿಟಕಿಗೆ ಎದುರಿನ ಗೋಡೆ.

ಆಗಸ್ಟ್ ೧೯, ಬುಧವಾರ

ಇವತ್ತೂ ಒಳಗೇ ಇದ್ದಾನೆ ಬಾಡಿಗೆದಾರ.

ಆಗಸ್ಟ್ ೨೮, ಶುಕ್ರವಾರ

ಮಾತ್ರೆಯ ಮಾತನ್ನು ಬಿ.ಪಿ. ಅಷ್ಟಾಗಿ ಕೇಳುತ್ತಿಲ್ಲ. ಬೆಳಗ್ಗೆ ಡಾಕ್ಟರಮ್ಮ ಬಂದು ಕುರ್ಚಿ ಎಳೆದುಕೊಂಡು ಕೂತರು. ನಿಂತು ಮಾತಾಡುವ ಡಾಕ್ಟರು ಕೂತರೆ ನನಗೆ ಭಯ.

ಮಗುವಿನ ಶ್ವಾಸಕೋಶ ಗಟ್ಟಿಯಾಗಲು ಇಂಜೆಕ್ಷನ್ ಕೊಟ್ಟಾಗಿದೆ. ಇವತ್ತೇ ತೆಗೆದರೆ ನನಗೆ ಕ್ಷೇಮ, ಮಗುವಿಗೆ ಉಸಿರಿನ ಕಷ್ಟ ಇರಬಹುದು. ಇನ್ನೊಂದೆರಡು ವಾರ ತಳ್ಳಿದರೆ ಮಗುವಿಗೆ ಒಳ್ಳೆಯದು, ನನಗೆ ಅಪಾಯ. ಸದ್ಯಕ್ಕೆ ರಕ್ತ, ಲಿವರು, ಕಿಡ್ನಿ ಕೈಕೊಟ್ಟಿಲ್ಲ. ಕೊಡುವ ಸೂಚನೆ ಕಂಡರೆ ಆಮೇಲೆ ಯಾರನ್ನೂ ಕೇಳುವುದಿಲ್ಲ ಎಂದರು.

ನಾನು ಬಾಯಿ ತೆರೆಯುವ ಮೊದಲೇ ನಾದಿನಿ ಎದ್ದು ನಿಂತಳು. "ಇವತ್ತೇ ತೆಗೀರಿ."

ಇರುವುದು ಆ ಒಂದೇ ಎಂದು ಬಲ್ಲವಳು, ನಾಲ್ಕು ವರ್ಷ ಅದನ್ನೇ ಕಾದವಳು. ಅವಳ ಗಂಡನೂ ಬಾಗಿಲಲ್ಲಿ ನಿಂತು ಹೂಂ ಎಂದ, ಆ ತಿಂಗಳ ಮಾತನ್ನೆಲ್ಲ ಸೇರಿಸಿ.

ನಾನು ಒಪ್ಪಲಿಲ್ಲ. ಹೊತ್ತವಳು ನಾನು, ನೋವು ನನ್ನದು, ತೀರ್ಮಾನವೂ ನನ್ನದು ಎಂದೆ. ಅವಳು ಮಂಚದ ಕಂಬಿ ಹಿಡಿದುಕೊಂಡು ಜಗಳಕ್ಕೆ ನಿಂತಳು. ಡಾಕ್ಟರಮ್ಮ, ಇದರಿಂದ ಬಿ.ಪಿ. ಏರುತ್ತದೆ ಎಂದರು. ಇಲ್ಲ, ನಮಗೆ ಇದು ಅಭ್ಯಾಸ ಎಂದೆ. ಆಗ ಅವಳು ಅಂದದ್ದನ್ನು ಹಾಗೆಯೇ ಬರೆದಿಡುತ್ತೇನೆ, ಮುಂದೆ ಎಂದಾದರೂ ಜಗಳದಲ್ಲಿ ಉಪಯೋಗಕ್ಕೆ ಬಂದೀತು.

"ನಿಂಗೇನಾದ್ರೂ ಆದ್ರೆ ನಾನು ಯಾರ ಜೊತೆ ಜಗಳ ಆಡ್ಲಿ? ಮಗು ತಂದ್ಕೊಂಡು ಯಾರಿಗೆ ತೋರಿಸ್ಲಿ?"

ಇಪ್ಪತ್ತೆರಡು ವರ್ಷ ನೀವು, ನೀವು ಎನ್ನುತ್ತಿದ್ದವಳು ಇವತ್ತು ನೀನು ಅಂದಳು. ನಿದ್ದೆ ಕೆಟ್ಟಿದೆ, ನಾಲಿಗೆ ತೊದಲಿರಬೇಕು.

ನಾನು ಅಂದೆ, "ಇಬ್ಬರಿಗೂ ತೋರಿಸ್ತೀಯ. ಕೂತ್ಕೋ."

ಕೂತಳು. ಒಪ್ಪಂದ ಹೀಗಾಯಿತು: ದಿನವೂ ರಕ್ತ ನೋಡುವುದು, ಅದು ಸರಿಯಿರುವಷ್ಟು ದಿನ ನಾನು ತಡೆದುಕೊಳ್ಳುವುದು.

ಸೆಪ್ಟೆಂಬರ್ ೨, ಬುಧವಾರ

ರಕ್ತ ಸರಿಯಿದೆ. ತಲೆ ಸರಿಯಿಲ್ಲ. ಕಂಬಿ ಹಿಡಿದು ಜಗಳವಾಡಿದ ಹುಡುಗಿ ಈಗ ನನ್ನ ಹಣೆಗೆ ಒದ್ದೆ ಬಟ್ಟೆ ಇಡುತ್ತಾಳೆ, ಒಣಗಿದ ಕೂಡಲೇ ಬದಲಿಸುತ್ತಾಳೆ.

ತಾಳು ತಾಳು, ಬಾಳು ಬಾಳು. ಮಗುವಿಗೆ ಹೇಳಿದ್ದೋ, ನನಗೆ ಹೇಳಿಕೊಂಡದ್ದೋ, ಗೊತ್ತಿಲ್ಲ.

ಸೆಪ್ಟೆಂಬರ್ ೧೧, ಶುಕ್ರವಾರ

ಗೆದ್ದೆವು!

ಬುಧವಾರ ಬೆಳಗ್ಗೆ ರಕ್ತದ ವರದಿ ಸ್ವಲ್ಪ ವಾಲಿತು. ಡಾಕ್ಟರಮ್ಮ ಒಳಗೆ ಬಂದು ಯಾರನ್ನೂ ಕೇಳಲಿಲ್ಲ. ನಾನೂ ತಕರಾರು ಮಾಡಲಿಲ್ಲ. ಕೇಳಿದ ಎರಡು ವಾರದಲ್ಲಿ ಹನ್ನೆರಡು ದಿನ ದಕ್ಕಿತ್ತು. ನಮ್ಮ ಹುಡುಗಿಗೆ ಹಸಿರು ನಿಲುವಂಗಿ ತೊಡಿಸಿ ನನ್ನ ತಲೆಯ ಹತ್ತಿರ ಕೂರಿಸಿದರು. ನಡುವೆ ಪರದೆ. ಅವಳ ಕೈ ಎಷ್ಟು ತಣ್ಣಗಿತ್ತೆಂದರೆ, ಆಪರೇಷನ್ ಯಾರಿಗೆ ಎಂದು ಯಾರಿಗಾದರೂ ಅನುಮಾನ ಬರಬೇಕು.

ಒಂದು ಗಳಿಗೆ ಏನೂ ಇಲ್ಲ. ಪರದೆಯಾಚೆ ಪಾತ್ರೆಗಳ ಸದ್ದು. ಅವಳು ಉಸಿರು ಬಿಡುವುದನ್ನು ನಿಲ್ಲಿಸಿದ್ದಳು, ನಾನೂ.

ಆಮೇಲೆ ಗಟ್ಟಿ ಬಟ್ಟೆಯನ್ನು ಯಾರೋ ಎರಡೂ ಕೈಯಲ್ಲಿ ಹಿಡಿದು ಪರ್ರನೆ ಹರಿದಂಥ ಸದ್ದು. ಹರಿದ ಸದ್ದು ಕೇಳಿದರೆ ನನ್ನ ಕೈ ತಾನಾಗಿಯೇ ಸೂಜಿ ಹುಡುಕುತ್ತದೆ. ಅವತ್ತು ಹುಡುಕಲಿಲ್ಲ. ಇನ್ನೂ ಹರಿ, ಇನ್ನೂ ಹರಿ ಎಂದುಕೊಂಡೆ. ಮಗುವಿನ ಅಳು ಹರಿಯುತ್ತಲೇ ಹೋಯಿತು.

ಹೆಣ್ಣು. ಅಂದರೆ ಇಷ್ಟು ದಿನ ಬಾಡಿಗೆದಾರ ಎಂದದ್ದು ತಪ್ಪು. ಸಣ್ಣದು, ನನ್ನ ಇಸ್ತ್ರಿ ಪೆಟ್ಟಿಗೆಗಿಂತ ಹಗುರ, ಆದರೆ ತಾನೇ ಉಸಿರಾಡಿತು. ಗಾಜಿನ ಪೆಟ್ಟಿಗೆಗೆ ಒಯ್ಯುವ ಮೊದಲು ಅಮ್ಮನ ಎದೆಯ ಮೇಲೆ ಒಂದು ಕ್ಷಣ ಇಟ್ಟರು. ಅಮ್ಮ ಎಂದರೆ ಯಾರು ಎಂದು ನರ್ಸು ನಮ್ಮಿಬ್ಬರನ್ನೂ ನೋಡಿದಳು. ನಾನು ಗಲ್ಲದಿಂದ ಪಕ್ಕಕ್ಕೆ ತೋರಿಸಿದೆ. ನನಗೆ ನೋವಾಗಬಹುದು ಎಂದು ಎಲ್ಲರೂ ಹೆದರಿದ್ದರು, ಮಗಳಂತೂ ಅದಕ್ಕೆಂದೇ ಭಾಷಣ ಸಿದ್ಧ ಮಾಡಿಕೊಂಡಿದ್ದಳು. ನೋವೇನೂ ಆಗಲಿಲ್ಲ. ಹೊಲಿಗೆ ಹಾಕಿದ ಜಾಗ ಬಿಟ್ಟು.

ನಿನ್ನೆ ನಾನು ಡಾಕ್ಟರಮ್ಮನನ್ನು ಒಂದು ಕೇಳಿಕೊಂಡೆ: ಮಾಸನ್ನು ನೋಡಬೇಕು. ನನ್ನ ಕಸುಬಿನಲ್ಲಿ ಯಾವ ಕೆಲಸವನ್ನೂ ಹಿಂಬದಿ ತಿರುಗಿಸಿ ನೋಡದೆ ಒಪ್ಪುವುದಿಲ್ಲ. ಪರೀಕ್ಷೆಗೆ ಕಳಿಸಲು ಇಟ್ಟಿದ್ದನ್ನು ತಟ್ಟೆಯಲ್ಲಿ ತಂದರು. ಗಾಲಿ ಕುರ್ಚಿಯಲ್ಲಿ ಕೂತು, ಬೆಳಕಿಗೆ ಹಿಡಿಸಿ ನೋಡಿದೆ. ಮಗುವಿನ ಕಡೆ ನುಣುಪು, ಹೊಕ್ಕುಳಬಳ್ಳಿಯಿಂದ ನಾಳಗಳು ಮರದ ಬೇರಿನಂತೆ ಹರಡಿವೆ. ನನ್ನ ಕಡೆ ಒರಟು, ಕಡುಗೆಂಪು, ಕಲ್ಲು ಹಾಸಿದ ಬೀದಿಯ ಹಾಗೆ. ಒಂದು ಮೂಲೆಯಲ್ಲಿ ಬಿಳುಚಿದ ಗಟ್ಟಿ ತುಂಡು, ರಕ್ತ ಸಿಗದೆ ಸತ್ತ ಜಾಗ. ಉಳಿದದ್ದೇ ಅದರ ಪಾಲನ್ನೂ ದುಡಿದಿತ್ತು.

ಇದರಲ್ಲಿ ನನ್ನದು ಎಲ್ಲಿಂದ ಶುರು ಎಂದು ಕೇಳಿದೆ. ಒರಟು ಬದಿಗೆ ಅಂಟಿಕೊಂಡು ಒಂದು ತೆಳು ಪದರ ನಿಮ್ಮದು, ಆದರೆ ಅಲ್ಲೂ ಮಗುವಿನ ಜೀವಕೋಶ ನಿಮ್ಮದರ ಒಳಗೆ ಹೊಕ್ಕಿರುತ್ತವೆ, ಬರಿಗಣ್ಣಿಗೆ ಬೇರೆ ಮಾಡಲಾಗದು ಎಂದರು. ನಾನು ಭೂತಗನ್ನಡಿ ಕೇಳಿದೆ. ಕೊಟ್ಟರು. ಕಾಣಲಿಲ್ಲ. ಮಗಳ ವಯಸ್ಸಿನಷ್ಟು ವರ್ಷ ಈ ಕೆಲಸ ಮಾಡಿದ್ದೇನೆ, ಎಂಥ ಉಸ್ತಾದನ ರಫೂ ಆದರೂ ಜೋಡಣೆ ಹಿಡಿದು ತೋರಿಸಿದ್ದೇನೆ. ಇದರ ಮುಂದೆ ಸೋತೆ. ಇಷ್ಟು ಸಂತೋಷದಿಂದ ಎಂದೂ ಸೋತಿಲ್ಲ.

ಮಗುವಿನ ಕೆಲವು ಜೀವಕೋಶಗಳು ನಿಮ್ಮ ರಕ್ತದಲ್ಲಿ ಸೇರಿ ವರ್ಷಗಟ್ಟಲೆ ಉಳಿಯಬಹುದು ಎಂದೂ ಹೇಳಿದರು. ಉಳಿಯಲಿ. ಜಾಗ ಇದೆ.

ಅಕ್ಟೋಬರ್ ೪, ಭಾನುವಾರ

ಮಗು ಮನೆಗೆ ಬಂದು ನಾಲ್ಕನೇ ದಿನ. ಮನೆ ಎಂದರೆ ನಮ್ಮದೇ. ನಮ್ಮ ಹುಡುಗಿ ಜೂನ್ ತಿಂಗಳಲ್ಲಿ ಹೇಳಿದ ಒಂದು ವಾರ ಇನ್ನೂ ಮುಗಿದಿಲ್ಲ. ಅವಳ ಗಂಡನೂ ಚಾಪೆ ತಂದುಕೊಂಡು ಬಂದಿದ್ದಾನೆ. ನನ್ನ ಬಿ.ಪಿ. ಇಳಿದು, ಮಾತ್ರೆ ಒಂದಕ್ಕೆ ಬಂದಿದೆ.

ಮಧ್ಯಾಹ್ನ ಮಗು ಅಳತೊಡಗಿತು. ಹಾಲು ಬೇಡ, ತೊಟ್ಟಿಲು ಬೇಡ, ಸುಮ್ಮನೆ ಅಳಬೇಕು ಎನ್ನುವ ಅಳು. ಬಾಗಿಲು ಬಡಿಯಿತು. ಮೇಲಿನ ಮನೆಯ ನಿವೃತ್ತ ಮ್ಯಾನೇಜರು, ಬನಿಯನ್ನಿನಲ್ಲಿ. ಮಧ್ಯಾಹ್ನದ ನಿದ್ದೆ ಕೆಡುತ್ತಿದೆ, ಗೋಡೆಯೇ ನಡುಗುತ್ತಿದೆ, ಈ ಮಗುವಿಗೆ ಇಷ್ಟು ದೊಡ್ಡ ಗಂಟಲು ಎಲ್ಲಿಂದ ಬಂತು, ಇದನ್ನು ಸ್ವಲ್ಪ ಸುಮ್ಮನಿರಿಸಲಾಗದೇ ಎಂದು ಕೇಳಿದರು.

ನಾವಿಬ್ಬರೂ ಮುಖ ಮುಖ ನೋಡಿಕೊಂಡೆವು. ಮಗುವಿನ ಮೇಲೆ ಬಂದ ಮೊದಲ ದೂರು. ಅದೂ ಉಸಿರಿನ ಬಗ್ಗೆ!

"ಇನ್ನೊಂದ್ಸಲ ಹೇಳಿ ಸಾರ್" ಎಂದಳು ನಮ್ಮ ಹುಡುಗಿ. "ಗೋಡೆ ನಡುಗ್ತಾ?"

ಅವರು ಹೇಳಿದರು. ಅವಳು ಅದನ್ನು ಬಹುಮಾನದ ಹಾಗೆ ಕೇಳಿಸಿಕೊಂಡಳು. ಆಮೇಲೆ ಸೊಂಟಕ್ಕೆ ಸೆರಗು ಸಿಕ್ಕಿಸಿ, ನನ್ನ ಮಗಳ ಶ್ವಾಸಕೋಶ ಅವಳದು, ಬಳಸುತ್ತಾಳೆ, ಎಂದು ಶುರು ಮಾಡಿದಳು. ನಾನು ಹಿಂದಿನಿಂದ ಬಂದು ಎಳೆ ಕೊಟ್ಟೆ. ಅವಳು ಮೇಲೆ ಹೋದರೆ ನಾನು ಕೆಳಗೆ, ಅವಳು ಉಸಿರು ತೆಗೆದುಕೊಂಡಾಗ ನಾನು ಮಾತು ತೆಗೆದುಕೊಂಡೆ. ಮ್ಯಾನೇಜರರ ಮುಂಜಾವಿನ ಗಂಟಲು ಗರಗರ, ಅವರ ರೇಡಿಯೊ, ಅವರು ಎಳೆದಾಡುವ ಕುರ್ಚಿ ಎಲ್ಲವೂ ಹೊರಬಿದ್ದವು. ಇವರು ಒಳಗಿನಿಂದ ಹೆಸರು ಹಿಡಿದು ಕರೆದದ್ದು ನಮಗೆ ಕೇಳಿಸಲಿಲ್ಲ. ಮ್ಯಾನೇಜರು ಎರಡು ಮೆಟ್ಟಿಲು ಹಿಂದೆ ಸರಿದರು, ಆಮೇಲೆ ನಾಲ್ಕು, ಆಮೇಲೆ ಮೇಲೆ ಬಾಗಿಲು ಹಾಕಿದ ಸದ್ದು.

ಗೆದ್ದು ಒಳಗೆ ಬಂದೆವು. ನಮ್ಮ ಗದ್ದಲಕ್ಕೆ ಮಗು ಯಾವಾಗಲೋ ನಿದ್ದೆ ಹೋಗಿತ್ತು, ಮುಷ್ಟಿ ಬಿಗಿದು, ಬಾಯಿ ಅರ್ಧ ತೆರೆದು. ಮನೆಯಿಡೀ ನಿಶ್ಶಬ್ದ.

ಇಬ್ಬರೂ ತೊಟ್ಟಿಲ ಆಚೆ ಈಚೆ ನಿಂತೆವು. ಸ್ವಲ್ಪ ಹೊತ್ತಾದ ಮೇಲೆ ಅವಳು ಮೆಲ್ಲಗೆ, "ಎಬ್ಬಿಸೋಣ್ವಾ?" ಅಂದಳು. ನಾನು ಆಗಲೇ ಬಗ್ಗಿದ್ದೆ.